ಹುಣಸೆಯಿಂದ ಹದಿನೇಳು ಮಾರು

ಪಾಸ್‌ವರ್ಡ್ ಮೂರನೇ ಸಲವೂ ತಪ್ಪಾಯಿತು. ಪರದೆ ಕಪ್ಪಾಗಿ, ನಡುವೆ ಬಿಳಿ ಅಕ್ಷರದ ಒಂದೇ ಸಾಲು ಉಳಿಯಿತು. ಯಶೋಧರಾ ಗುಂಡಿ ಒತ್ತಿ ಹಿಡಿದು ಅಪ್ಪನ ಲ್ಯಾಪ್‌ಟಾಪನ್ನು ಆರಿಸಿದಳು.

“ಏನಂತೈತೆ ಅದು?” ಬಾಗಿಲಲ್ಲಿ ಹಾರೆ ಹಿಡಿದು ನಿಂತಿದ್ದ ಮಲ್ಲೇಶಪ್ಪ ಕೇಳಿದ. ನಲ್ಲೂರಿನ ಆ ಕೇರಿಯಲ್ಲಿ ಗುಂಡಿ ಅಗಿಯುವವನು ಅವನೇ.

“ಬಂದ್ ಆಗೀನಿ ಅಂತೈತೆ. ಮೂರು ಸಲ ತಪ್ಪಿದ್ರೆ ಹಂಗೇ.”

“ನಮ್ಮತ್ತೇನೂ ಹಂಗೇ ಇದ್ಲು,” ಜಗಳೂರಿನಿಂದ ಬಂದಿದ್ದ ಗಾದ್ರಮ್ಮ, ಸತ್ತವನ ತಂಗಿ, ಮೂಗು ಒರೆಸಿಕೊಂಡು ಅಂದಳು. “ಮೂರು ಮಾತಿಗೆ ಬಾಗ್ಲು ಹಾಕ್ಕಂತಿದ್ಲು.”

ಅಳುತ್ತಿದ್ದ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು. ಯಶೋಧರಾಳ ಅವ್ವ ಉಚ್ಚಂಗಮ್ಮ ನಗಲಿಲ್ಲ. ಅಂಗಳದ ಬೆಂಚಿನ ಮೇಲೆ ಅವಳ ಗಂಡ ಮಾರಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ತಲೆಯ ಬಳಿ ಬುದ್ಧನ ಪಟ, ಊದುಬತ್ತಿ. ಚನ್ನಗಿರಿಯ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವನು.

“ಹೊತ್ತು ನೋಡಕ್ಕ,” ಮಲ್ಲೇಶಪ್ಪ ಅಂದ. “ಈಗ ಅಗಿಯಾಕೆ ಶುರು ಮಾಡಿದ್ರೆ ಹೊತ್ತು ಮುಳುಗೋದ್ರಾಗೆ ಆಗ್ತೈತೆ. ಎಲ್ಲಿ ಅಗೀಲಿ?”

“ಕೂಸಿನ ಪಕ್ಕ,” ಉಚ್ಚಂಗಮ್ಮ ಅಂದಳು. “ಅವರು ಹೇಳಿದ್ದು ಅದೊಂದೇ.”

“ಕೂಸು ಎಲ್ಲೈತೆ ಅಂತ ಈಗ ಯಾರಿಗ್ ಗೊತ್ತು? ಹೋದ ಸಲ ಸುಮ್ನೆ ಅಗಿದು ಯಾರದೋ ಎಲುಬು ಮೇಲೆ ಬಂತು. ಮೂರು ದಿನ ನಂಗೆ ಅನ್ನ ಸೇರ್ಲಿಲ್ಲ.”

ಎಲ್ಲರ ಕಣ್ಣೂ ಮತ್ತೆ ಆ ಲ್ಯಾಪ್‌ಟಾಪಿನ ಕಡೆ ಹೊರಳಿದವು. ಕೂಸು ಎಲ್ಲಿದೆ ಎಂಬುದು ಅದರೊಳಗಿತ್ತು.

*

ನಲವತ್ತನಾಲ್ಕು ವರ್ಷದ ಹಿಂದೆ ಮಾರಪ್ಪ, ಉಚ್ಚಂಗಮ್ಮರ ಚೊಚ್ಚಲ ಹೆಣ್ಣುಕೂಸು ಹನ್ನೊಂದು ದಿನಕ್ಕೆ ತೀರಿಕೊಂಡಿತು. ಬಾಣಂತಿಯನ್ನು ಮಣ್ಣಿಗೆ ಕರೆದೊಯ್ಯಲಿಲ್ಲ. ಎರಡು ತಿಂಗಳ ಮೇಲೆ ಅವಳು ಕೆರೆ ಏರಿಯ ಕೆಳಗಿನ ಬಯಲಿಗೆ ಹೋಗಿ “ಎಲ್ಲಿ?” ಎಂದಾಗ, ಮಾರಪ್ಪ ಅತ್ತಿತ್ತ ನೋಡಿ “ಇಲ್ಲೇ ಎಲ್ಲೋ” ಅಂದ. ಮಳೆಗೆ ಹುಲ್ಲು ಎದ್ದು, ದಿಬ್ಬ ಕೂತುಹೋಗಿತ್ತು. ಅವಳು ಇಡೀ ಬಯಲಿಗೆ ಕೈಮುಗಿದು ಬಂದಳು.

ಮರುದಿನವೇ ಅವನು ಮಲ್ಲೇಶಪ್ಪನ ಅಪ್ಪನನ್ನು, ಅಂದು ಗುಂಡಿ ಅಗಿದವನನ್ನು, ಕರೆದೊಯ್ದು ಜಾಗ ತೋರಿಸಿಕೊಂಡ. ಹುಣಸೆ ಮರದಿಂದ ಒಂದು ಹಗ್ಗ, ಬಾವಿಕಟ್ಟೆಯಿಂದ ಒಂದು. ಎರಡೂ ಕೂಡುವಲ್ಲಿ ಕೂಸು. ಅಳತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದ. ಆಮೇಲೆ ಕೇರಿಯಲ್ಲಿ ಯಾರು ಸತ್ತರೂ ಹಗ್ಗ ಹಿಡಿದು ಹೋಗುವನು. ಮುದುಕರನ್ನು ಕೇಳಿ ಕೇಳಿ ಹಿಂದಿನವರನ್ನೂ ಸೇರಿಸಿದ. ‘ಸತ್ತೋರ ಶಾನುಭೋಗ’ ಎಂದು ಜನ ನಗುತ್ತಿದ್ದರು. ನೋಟ್‌ಬುಕ್ಕಿಗೆ ಗೆದ್ದಲು ಹತ್ತಿದಾಗ ಹಳೆಯದೊಂದು ಲ್ಯಾಪ್‌ಟಾಪ್ ಕೊಂಡು ಎಲ್ಲವನ್ನೂ ಟೈಪ್ ಮಾಡಿದ. ಮಕ್ಕಳು ಆಟಕ್ಕೆ ಮುಟ್ಟಿ ಅಳಿಸಿಯಾರೆಂದು, ಯಂತ್ರ ಶುರುವಾಗುವ ಮೊದಲೇ ಕೇಳುವಂಥ ಪಾಸ್‌ವರ್ಡ್ ಹಾಕಿಸಿದ.

ಮೂರು ವರ್ಷದ ಹಿಂದೆ ಜಾಲಿ ಕೀಳಲು ಕೇರಿಯವರೇ ಕರೆಸಿದ ಜೆಸಿಬಿ ದಿಬ್ಬಗಳನ್ನೂ ಸವರಿಹಾಕಿತು. ಬಯಲು ಬಸ್ಸಿಗೆ ಹೋಗುವವರ ಅಡ್ಡದಾರಿಯಾಯಿತು. ತಪ್ಪು ತಿಳಿದು ಜನ ಪಟ್ಟಿ ಕೇಳಿಕೊಂಡು ಬರುವ ಹೊತ್ತಿಗೆ ಮಾರಪ್ಪನಿಗೆ ಮರೆವು ಹಿಡಿದಿತ್ತು. ಮೊದಲು ಪಾಸ್‌ವರ್ಡ್ ಹೋಯಿತು, ಆಮೇಲೆ ಜನರ ಹೆಸರು, ಕೊನೆಗೆ ಮಾತು.

*

“ಅದನ್ನ ಹಾಕಿಕೊಟ್ಟೋನು ನಾನೇ,” ತಿಪ್ಪೇಶ್ ತಲೆ ಕೆರೆದುಕೊಂಡ. ಮಾರಪ್ಪನ ತಮ್ಮನ ಮಗ; ನ್ಯಾಮತಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. “ದೊಡ್ಡಪ್ಪ ಪಾಸ್‌ವರ್ಡ್ ಒತ್ತುವಾಗ ನೋಡಬಾರ್ದು ಅಂತ ಮುಖ ತಿರುಗಿಸ್ಕಂಡೆ.”

“ಊರೋರ ಫೋನೆಲ್ಲ ಇಣುಕೋನಿಗೆ ಅವತ್ತೊಂದಿನ ಮರ್ಯಾದೆ ಬಂತು ನೋಡು,” ಗಾದ್ರಮ್ಮ ಅಂದಳು.

“ಒಳಗಿಂದು ಬಿಚ್ಚಿ ಬ್ಯಾರೆದಕ್ಕೆ ಹಾಕಾಕೆ ಬರಲ್ವೇನೋ?” ಮಲ್ಲೇಶಪ್ಪ ಕೇಳಿದ.

“ಹಾಕಿ ನೋಡೀನಿ ಕಾಕ. ಅದಕ್ಕೂ ಅದೇ ಬೀಗ.”

ಯಶೋಧರಾ ಮತ್ತೆ ಯಂತ್ರ ಹಚ್ಚಿದಳು. ಹುಟ್ಟಿದ ದಿನ, ಅವ್ವನ ಹೆಸರು, ಕೆಲಸಕ್ಕೆ ಸೇರಿದ ವರ್ಷ, ಎಲ್ಲ ಆಗಿತ್ತು. ಹೊನ್ನಾಳಿಯ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದ ಅವಳಿಗೂ ಟೈಪಿಂಗ್ ಕಲಿಸಿದವನು ಅಪ್ಪನೇ. ಏನೂ ತೋಚದೆ, ಅವನು ಮೊದಲ ದಿನ ಕೂರಿಸಿದ ಹಾಗೆ ಕೂತಳು: ಎಂಟು ಬೆರಳು ನಡುಸಾಲಿನ ಮೇಲೆ, ಬೆರಳಿಗೊಂದು ಕೀ.

ಉಚ್ಚಂಗಮ್ಮ ಮಗಳ ಬೆರಳುಗಳನ್ನೇ ನೋಡಿದಳು.

*

ಎರಡು ವರ್ಷ, ದಿನಾ ಮಧ್ಯಾಹ್ನ, ಗಂಜಿ ಕುಡಿಸಿದ ಮೇಲೆ ಮಾರಪ್ಪ ಅವಳ ತೋಳನ್ನು ಎಳೆದು ತನ್ನ ಮುಂದೆ ಅಡ್ಡ ಇಟ್ಟುಕೊಳ್ಳುತ್ತಿದ್ದ. ಎರಡೂ ಕೈಬೆರಳನ್ನು ಅದರ ಮೇಲೆ ಹರಡಿ ಮೆಲ್ಲಗೆ ಬಡಿಯುತ್ತಿದ್ದ. ಏಳು ಬಡಿತ. ದಿನವೂ ಅದೇ ಬೆರಳು, ಅದೇ ಸರತಿ; ಯಾವ ಬೆರಳೂ ತನ್ನ ಜಾಗ ಬಿಟ್ಟು ಸರಿಯುತ್ತಿರಲಿಲ್ಲ. ಟೈಪ್ ಹೊಡೆದ ಕೈ, ಸುಮ್ಮನಿರಲಾರದು ಅಂದುಕೊಂಡಿದ್ದಳು ಅವಳು. ಬಡಿದಾದ ಮೇಲೆ ಮಾತ್ರ ಅವನು ಅವಳ ಮುಖ ನೋಡುತ್ತಾ ಕಾಯುತ್ತಿದ್ದ, ಎದುರಿಗೆ ಏನೋ ತೆರೆದುಕೊಳ್ಳಬೇಕು ಅನ್ನುವ ಹಾಗೆ. “ಸಾಕು, ಮಲಗ್ರಿ” ಅನ್ನುತ್ತಿದ್ದಳು.

*

“ಕೈ ತೆಗೀಬ್ಯಾಡ,” ಉಚ್ಚಂಗಮ್ಮ ಅಂದಳು.

ಓದು ಬರಹ ಬಾರದ ಹೆಂಗಸು ಮಗಳ ಹಿಂದೆ ನಿಂತು, ಬಗ್ಗಿ, ಅವಳ ಬೆರಳುಗಳನ್ನು ಒಂದೊಂದಾಗಿ ಅದುಮಿದಳು. ಏಳು ಸಲ. ತಪ್ಪು ಎಂದು ಬಂತು.

“ದೊಡ್ಡವ್ವ, ಇರ್ಲಿ ಬಿಡು,” ತಿಪ್ಪೇಶ್ ಅಂದ.

“ಸುಮ್ಕಿರೋ. ನಾನು ಅವರ ಎದುರಿಗೆ ಕೂಡ್ತಿದ್ದೆ.”

ಸುತ್ತು ಬಂದು ಎದುರಿಗೆ ಕೂತಳು. ಮಗಳ ಕೈಗಳನ್ನು ನೋಡಲಿಲ್ಲ. ಕಣ್ಣು ಮುಚ್ಚಿ ತನ್ನ ತೋಳನ್ನೊಮ್ಮೆ ಸವರಿಕೊಂಡಳು. ಆಮೇಲೆ ಮುಟ್ಟಿದಳು. ಎಡಗೈ ಕಿರುಬೆರಳು ಎರಡು ಸಲ. ಬಲಗೈ ನಡುಬೆರಳು. ಹೀಗೆ ಏಳು ಸಲ, ಒಂದೊಂದೇ ಬೆರಳು ಕೀಯನ್ನು ಒತ್ತಿತು.

ಯಂತ್ರದೊಳಗೆ ಸಣ್ಣ ಫ್ಯಾನು ತಿರುಗತೊಡಗಿತು. ಪರದೆ ಬೆಳಗಿತು.

ಮಲ್ಲೇಶಪ್ಪ ಹಾರೆಯನ್ನು ಸದ್ದಾಗದಂತೆ ಗೋಡೆಗೆ ಒರಗಿಸಿದ.

ಇದ್ದದ್ದು ಒಂದೇ ಕಡತ. ‘ಯಾರು ಎಲ್ಲಿದ್ದಾರೆ.’ ಇನ್ನೂರ ಹದಿನೆಂಟು ಜನ. ಪಾತಿಗೆ ನೀರು ಬಿಡಲು ಹೋಗಿ ಹಾವು ಕಚ್ಚಿ ಸತ್ತ ಪರಶುರಾಮ್. ಊರು ಹೆಸರು ಗೊತ್ತಿಲ್ಲದ, ಬಸ್‌ಸ್ಟಾಂಡಿನಲ್ಲಿ ಸತ್ತ ಮುದುಕಿ. ‘ದುರುಗಮ್ಮನ ಗಂಡುಕೂಸು, ಮೂರು ದಿನ, ಹೆಸರಿಟ್ಟಿರಲಿಲ್ಲ.’ ಎಲ್ಲರ ಮುಂದೆಯೂ ಎರಡು ಅಳತೆ. ಯಶೋಧರಾ ಮೊದಲ ಸಾಲಿಗೆ ಹಿಂತಿರುಗಿ ಗಟ್ಟಿಯಾಗಿ ಓದಿದಳು.

“ನಮ್ಮ ಮಗು. ಹೆಣ್ಣು. ಹನ್ನೊಂದು ದಿನ. ಹುಣಸೆಯಿಂದ ಹದಿನೇಳು ಮಾರು, ಬಾವಿಕಟ್ಟೆಯಿಂದ ಒಂಬತ್ತು. ಕೆರೆಯ ಕಡೆ ನನಗೆ ಬಿಡಬೇಕು. ಹುಣಸೆಯ ಕಡೆ ಉಚ್ಚಂಗಮ್ಮನಿಗೆ.”

“ನಡುವೆ ಮಲಗಿಸ್ಕಂಡಾರೆ,” ಉಚ್ಚಂಗಮ್ಮ ಅಂದಳು. ಬೆಳಗಿನಿಂದ ಅತ್ತಿರದವಳು ಆಗ ಅತ್ತಳು.

ಮೂಲೆಯಲ್ಲಿದ್ದ ದುರುಗಮ್ಮ, ಎಪ್ಪತ್ತರ ಮುದುಕಿ, ಗೋಡೆ ಹಿಡಿದು ಎದ್ದಳು. “ಯವ್ವಾ, ನಂದು ಇನ್ನೊಂದು ಸಲ ಓದು.”

*

ಮಣ್ಣು ಮೆತ್ತಗೆ ಬಂತು. ಯಾರ ಎಲುಬೂ ಸಿಗಲಿಲ್ಲ. ಹೊತ್ತು ಇಳಿಯುವ ಮುಂಚೆ ಮಾರಪ್ಪನನ್ನು ಇಳಿಸಿ ಎಲ್ಲರೂ ಹಿಡಿ ಹಿಡಿ ಮಣ್ಣು ಕೊಟ್ಟರು. ಆದರೆ ಯಾರೂ ಮನೆಗೆ ತಿರುಗಲಿಲ್ಲ. ಪಟ್ಟಿಯನ್ನು ಫೋನಿಗೆ ತುಂಬಿಕೊಂಡಿದ್ದ ತಿಪ್ಪೇಶ್ ಓದಿದ. ಮಲ್ಲೇಶಪ್ಪ ಮಾರು ಹಾಕುತ್ತಾ ಹಗ್ಗ ಎಳೆದ. “ಇಲ್ಲಿ ನಿಂದ್ರು. ನಿಮ್ಮಪ್ಪ.” “ಬಾ ದುರುಗಕ್ಕ, ಇಲ್ಲಿ.”

ಸಂಜೆಯ ಬಸ್ಸು ಬಂದು ನಿಂತಿತು. ಇಳಿದ ಇಬ್ಬರು ಎಂದಿನಂತೆ ಬಯಲಿನ ಅಡ್ಡದಾರಿಗೆ ಕಾಲಿಟ್ಟರು. ಅಂಚಿನಲ್ಲಿ ಚಪ್ಪಲಿಗಳ ಸಾಲಿತ್ತು. ಆಚೆ, ಬರೀ ಹುಲ್ಲು ಅಂದುಕೊಂಡಿದ್ದ ಕಡೆ, ನಲವತ್ತು ಜನ ಬರಿಗಾಲಲ್ಲಿ, ಒಬ್ಬರಿಂದೊಬ್ಬರು ದೂರ ದೂರ, ತಮ್ಮ ತಮ್ಮ ಜಾಗದಲ್ಲಿ ತಲೆ ಬಗ್ಗಿಸಿ ನಿಂತಿದ್ದರು. ಆ ಇಬ್ಬರೂ ಇಟ್ಟ ಹೆಜ್ಜೆ ಹಿಂತೆಗೆದರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಏರಿ ಮೇಲಿನ ಸುತ್ತುದಾರಿಯಲ್ಲಿ ನಡೆದುಹೋದರು.