ನೇರಳೆ ಮುಚ್ಚಳದ ಟ್ಯೂಬು

ಏಕನಾಥರ ಪ್ರಕಾರ ಆಸ್ಪತ್ರೆಯೆಂದರೆ ಡಾಕ್ಟರು ಮತ್ತು ರೋಗಿ, ಅಷ್ಟೇ. ಉಳಿದವರೆಲ್ಲ ಮದುವೆ ಮನೆಯ ಕುರ್ಚಿಗಳಂತೆ. ಹಾಗಾಗಿ ಮಗಳು ಹರಿಣಿ ಮೆಡಿಕಲ್ ಸೀಟು ಸಿಗದೆ ಲ್ಯಾಬ್ ಟೆಕ್ನಾಲಜಿ ಓದಿ ಕೆಲಸಕ್ಕೆ ಸೇರಿದಾಗ, ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲೆಲ್ಲ "ಮಗಳು ಡಾಕ್ಟರ್" ಎಂದು ಸಾರಿಬಿಟ್ಟರು. ಹರಿಣಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಕಷ್ಟಪಟ್ಟು ಕಲಿತ ಕೆಲಸದ ಹೆಸರು ಒಮ್ಮೆಯಾದರೂ ಅಪ್ಪನ ಬಾಯಲ್ಲಿ ಬರಬೇಕು, ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಒಂದು ಬೆಳಿಗ್ಗೆ ಅಪ್ಪನ ಆಫೀಸಿನ ಸಾಹೇಬರು, ಸೆಕ್ಷನ್ ಆಫೀಸರು ಅಶ್ವತ್ಥನಾರಾಯಣರು ವಾಕಿಂಗಿನಲ್ಲಿ ತಲೆಸುತ್ತಿ ಕುಸಿದರು. ಏಕನಾಥರೇ ಅವರನ್ನು ಹರಿಣಿಯ ಆಸ್ಪತ್ರೆಗೆ ಕರೆತಂದರು. ಸ್ವಲ್ಪ ಹೊತ್ತಿಗೆ ಲ್ಯಾಬಿನ ಯಂತ್ರ ಅವರ ರಕ್ತದಲ್ಲಿ ಪೊಟ್ಯಾಸಿಯಂ ಒಂಬತ್ತು ಎಂದು ತೋರಿಸಿತು. ಅಷ್ಟಿದ್ದರೆ ಗುಂಡಿಗೆ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಆದರೆ ಅದರ ಕೆಳಗಿನ ಸಾಲಿನಲ್ಲಿ ಕ್ಯಾಲ್ಸಿಯಂ ಹೆಚ್ಚುಕಮ್ಮಿ ಸೊನ್ನೆ! ತಕ್ಷಣ ಎಮರ್ಜೆನ್ಸಿಗೆ ಫೋನು ಮಾಡಿದಳು.

"ಪ್ರಕೃತಿ, ಪೇಷಂಟ್ ಹೇಗಿದ್ದಾರೆ?"

"ಚಾಯ್‌ಗೆ ಸಕ್ಕರೆ ಕಮ್ಮಿ ಅಂತ ಜಗಳ ಆಡ್ತಿದ್ದಾರೆ," ಎಂದಳು ನರ್ಸ್ ಪ್ರಕೃತಿ.

ಹರಿಣಿ ಅಂಕಿಗಳನ್ನು ಹೇಳಿ, ನಂಬಬೇಡಿ, ನಾನೇ ಬರುತ್ತೇನೆ ಎಂದು ಓಡಿದಳು. ಅಷ್ಟರಲ್ಲಿ ಡ್ಯೂಟಿ ಡಾಕ್ಟರ್ ಮಹಂತೇಶ್ ರೋಗಿಯನ್ನು ಐಸಿಯುಗೆ ಸಾಗಿಸಲು ಹೇಳಿಯಾಗಿತ್ತು.

"ಈ ರಿಪೋರ್ಟ್ ನಾನು ಲ್ಯಾಬಿಂದ ಹೊರಗೆ ಬಿಡೋದಿಲ್ಲ ಸರ್. ಕ್ಯಾಲ್ಸಿಯಂ ಇಷ್ಟು ಕಮ್ಮಿ ಇದ್ದೋರು ಜಗಳ ಆಡೋಕಾಗುತ್ತಾ? ಹೊಸ ಸ್ಯಾಂಪಲ್ ಕೊಡಿ."

"ಡಾಕ್ಟರ್ ಹೇಳಿದ ಮೇಲೆ ನಿಂದೇನಮ್ಮಾ ನಡುವೆ?" ಏಕನಾಥರು ಗದರಿದರು.

ಹರಿಣಿ ಅಪ್ಪನ ಕಡೆ ತಿರುಗಲಿಲ್ಲ. "ಪ್ರಕೃತಿ, ಯಾವ ಟ್ಯೂಬಿನಿಂದ ಯಾವುದಕ್ಕೆ ಸುರಿದೆ?"

ಪ್ರಕೃತಿ ನಾಲ್ಕು ವರ್ಷ ನರ್ಸಿಂಗ್ ಓದಿದವಳು, ಸುಳ್ಳಾಡುವವಳಲ್ಲ. ಅವಳ ಮುಖ ಕೆಂಪಾಯಿತು. "ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ಸಾಲಲಿಲ್ಲ ಅಂತ ನೇರಳೆ ಮುಚ್ಚಳದ್ದರಿಂದ ಒಂಚೂರು..."

ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಮದ್ದಿನಲ್ಲೇ ಪೊಟ್ಯಾಸಿಯಂ ಇರುತ್ತದೆ, ಅದು ಕ್ಯಾಲ್ಸಿಯಮ್ಮನ್ನೂ ನುಂಗುತ್ತದೆ. ಮಹಂತೇಶ್ ಇಸಿಜಿ ನೋಡಿದರು. ಸರಿಯಾಗೇ ಇತ್ತು. ಹೊಸ ರಕ್ತ ತೆಗೆದರು, ಹರಿಣಿ ತಾನೇ ಒಯ್ದು ಯಂತ್ರಕ್ಕಿಟ್ಟು, ರಿಪೋರ್ಟ್ ಹಿಡಿದು ಮರಳಿದಳು. ಪೊಟ್ಯಾಸಿಯಂ ನಾಲ್ಕು, ಕ್ಯಾಲ್ಸಿಯಂ ಸರಿ! ಸಾಹೇಬರನ್ನು ಕೆಡವಿದ್ದು ಏಕಾದಶಿಯ ಉಪವಾಸ.

"ನೀವು ಹಟ ಹಿಡಿದದ್ದು ಒಳ್ಳೇದಾಯ್ತು," ಎಂದರು ಮಹಂತೇಶ್, ಎಲ್ಲರೆದುರು.

"ಏಕನಾಥ್, ನಿಮ್ಮ ಡಾಕ್ಟರ್ ಮಗಳು ನನ್ನ ಉಳಿಸಿದ್ಲು ಕಣ್ರೀ!" ಅಶ್ವತ್ಥನಾರಾಯಣರು ಮಂಚದಿಂದಲೇ ಕೂಗಿದರು.

ಏಕನಾಥರು ಗಂಟಲು ಸರಿಮಾಡಿಕೊಂಡರು.

"ಡಾಕ್ಟರಲ್ಲ ಸಾರ್. ಇಷ್ಟು ದಿನ ನಾನೇ ಸುಳ್ಳು ಹೇಳ್ತಿದ್ದೆ. ಲ್ಯಾಬ್ ಟೆಕ್ನಾಲಜಿಸ್ಟ್. ಮೂರು ವರ್ಷ ಓದಿದಾಳೆ, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್."

ಆ ಆರು ತಿಂಗಳೂ ಅಪ್ಪನಿಗೆ ನೆನಪಿತ್ತು!