ನಕ್ಷೆಗಳಿಗೊಂದು ಕಪಾಟು

ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಆಫೀಸು. ಅಪ್ಪ ಅಲ್ಲೇ ಕೂತು ಊರವರ ಮನೆಗಳಿಗೆಲ್ಲ ನಕ್ಷೆ ಬರೆದರು. ಕೈ ನಡುಗಲು ಶುರುವಾದ ಮೇಲೆ ಕೆಲಸ ಅಕ್ಕನಿಗೂ ನನಗೂ ಬಂತು. ಈಗ ಅಕ್ಕ ಊರಿನ ಆಚೆ ತುದಿಯಲ್ಲಿ ತನ್ನದೇ ಆಫೀಸು ತೆರೆಯಲು ಹೊರಟಿದ್ದಳು. ಅವಳು ಹೋಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಬಾಯಿಬಿಟ್ಟು ಹೇಳುವ ಜಾಯಮಾನ ನನ್ನದಲ್ಲ. ಅದರ ಬದಲು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

ಅಪ್ಪ ಮಾತ್ರ ಹುರುಪಿನಲ್ಲಿದ್ದರು. "ಹಳೇ ಪ್ಲಾನುಗಳಲ್ಲಿ ಅರ್ಧ ಅವಳದ್ದು. ಸುರುಳಿ ಸುತ್ತಿ ಕೊಟ್ರೆ ಬಿಚ್ಚಿದಾಗೆಲ್ಲ ಮುದುರಿಕೊಳ್ತವೆ. ಚಪ್ಪಟೆಯಾಗಿ ಇಡೋಕೆ ಒಂದು ಮರದ ಕಪಾಟು ಮಾಡಿ ಕೊಡೋಣ" ಅಂದರು.

"ಬಡಗಿಗೆ ಹೇಳೋಣ" ಅಂದೆ.

"ಯಾಕೆ, ನಾವೇನು ಕೈಗೆ ಬಳೆ ತೊಟ್ಕೊಂಡಿದ್ದೀವಾ?"

"ನಾವಿಬ್ಬರು ತೊಟ್ಕೊಂಡಿದ್ದೀವಲ್ಲಪ್ಪ" ಅಂದಳು ಅಕ್ಕ.

"ಹಾಗಾದ್ರೆ ಬಿಚ್ಚಿಡಿ. ಗರಗಸಕ್ಕೆ ಅಡ್ಡ."

ಅಪ್ಪ ಅಳೆದೂ ಸುರಿದೂ ಲೆಕ್ಕ ಹಾಕಿದರು. ಅತಿ ದೊಡ್ಡ ಹಾಳೆಯ ಅಗಲ ಮೂವತ್ತಮೂರು ಇಂಚು. ಹಲಗೆಯ ದಪ್ಪ, ಬೆರಳಾಡಲು ಜಾಗ ಎಲ್ಲ ಸೇರಿ ಕಪಾಟಿಗೆ ಮೂವತ್ತೈದು. ಉದ್ದ, ಎತ್ತರ ಎರಡೂ ಅದಕ್ಕಿಂತ ಹೆಚ್ಚು. ಸ್ಕ್ರೂ ಬೇಡವೇ ಬೇಡವಂತೆ, ಎಂದಾದರೂ ಸಡಿಲವಾಗುತ್ತದಂತೆ. ಅಂಟು ಹಚ್ಚಿ ಮರದ ಗೂಟ ಹೊಡೆಸಿದರು. ಅಕ್ಕ ಕೊಯ್ದಳು, ನಾನು ಮರಳುಕಾಗದ ಹಿಡಿದು ಉಜ್ಜಿದೆ. ಉಜ್ಜಿದ ಹಲಗೆಯನ್ನೇ ಮತ್ತೆ ಉಜ್ಜಿದೆ. ಕೆಲಸ ಮುಗಿದರೆ ಅವಳು ಹೋಗುತ್ತಾಳೆ, ನನ್ನ ಲೆಕ್ಕ ಅಷ್ಟೇ.

ಕೊನೆಗೂ ಮುಗಿಯಿತು. ಕಪಾಟು ಸೊಗಸಾಗಿತ್ತು. ನಕ್ಷೆಗಳನ್ನು ಅದರ ಹಲಗೆಗಳ ಮೇಲೆ ಮಲಗಿಸಿ ನೋಡಿ, ಅಪ್ಪ ಮಗುವಿನಂತೆ ಖುಷಿಪಟ್ಟರು. ಮರುದಿನ ಭಾವ ಟೆಂಪೋ ತಂದರು. ನಕ್ಷೆಗಳನ್ನು ಮೇಜಿಗೆ ಸರಿಸಿ, ಎಲ್ಲರೂ ಸೇರಿ ಕಪಾಟನ್ನು ಬಾಗಿಲ ತನಕ ತಳ್ಳಿದೆವು. ಅಲ್ಲಿಗೆ ನಿಂತಿತು. ವಾರೆ ಮಾಡಿದೆವು, ಮಗುಚಿದೆವು, ಏನು ಮಾಡಿದರೂ ದಾಟಲಿಲ್ಲ. ಅಂಟು ಹಚ್ಚಿದ್ದರಿಂದ ಬಿಚ್ಚುವ ಹಾಗೂ ಇರಲಿಲ್ಲ. ಅಕ್ಕ ಟೇಪು ಹಿಡಿದಳು. ಬಾಗಿಲು ಮೂವತ್ತೇ ಇಂಚು.

"ಊರಿಗೆಲ್ಲ ಬಾಗಿಲು ಬರೆದವರು..." ಎಂದ ಭಾವ ಉಳಿದದ್ದನ್ನು ನುಂಗಿಕೊಂಡರು.

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅಪ್ಪ ಬೇಕಂತಲೇ ಮಾಡಿದ್ದಾರೆ, ಅವರಿಗೂ ಇವಳನ್ನು ಕಳಿಸಲು ಮನಸ್ಸಿಲ್ಲ ಅಂದುಕೊಂಡು ಅವರ ಮುಖ ನೋಡಿದೆ. ನೋಡಿದ ಮೇಲೆ ನಗು ಬರಲಿಲ್ಲ. ಅವರು ಟೇಪು ಇಸಿದುಕೊಂಡು ಬಾಗಿಲನ್ನು ಅಳೆದರು. ಮತ್ತೆ ಅಳೆದರು. ಅವರು ನಿಜಕ್ಕೂ ಮರೆತಿದ್ದರು. ನನಗೆ ಹೆದರಿಕೆಯಾಯಿತು.

ಅಕ್ಕ ತಟ್ಟನೆ ಅಂದಳು: "ಕಪಾಟು ಇಲ್ಲೇ ಇರಲಿ ಅಂತ ನಾನೇ ಹೇಳಿದ್ದೆನಲ್ಲಪ್ಪ. ಅದಕ್ಕೇ ನೀವು ಬಾಗಿಲು ಲೆಕ್ಕಕ್ಕೆ ತಗೊಂಡಿಲ್ಲ."

ಅಪ್ಪ ಅವಳನ್ನೇ ನೋಡಿದರು. "ನೀನು ಹೇಳಿರಲಿಲ್ಲ. ನನಗೆ ಮರೆವು ಬಂದಿದೆ ಮಗಳೇ, ಆದ್ರೆ ನಿನಗೆ ಇನ್ನೂ ಸುಳ್ಳು ಹೇಳೋಕೆ ಬರಲ್ಲ."

ಆಮೇಲೆ ಅಪ್ಪ ನನ್ನ ಕಡೆ ತಿರುಗಿ, "ಈ ಮನೆ ಪ್ಲಾನು ತೆಗಿ" ಅಂದರು. ಹಾಳೆ ಮೇಜಿನ ಮೇಲೆ ಮುದುರದೆ ಮಲಗಿತು. ನಡುಗುವ ಬೆರಳನ್ನು ಬಾಗಿಲಿನ ಗೆರೆಯ ಮೇಲಿಟ್ಟರು. "ಗೋಡೇಲಿ ಬಿಟ್ಟಿರೋ ಜಾಗ ಮೂವತ್ತೇಳು ಇಂಚು. ಚೌಕಟ್ಟು ಕಿತ್ರೆ ಹೋಗುತ್ತೆ."

"ಬೇಡಪ್ಪ, ಒಂದು ಕಪಾಟಿಗೋಸ್ಕರ ಬಾಗಿಲು ಕೀಳ್ತಾರಾ?" ಅಂದಳು ಅಕ್ಕ.

"ಬಾಗಿಲು ನಾಳೆ ಕೂರಿಸ್ಕೋಬಹುದು. ನಾನು ಮರೆತೆ ಅಂತ ನೀನು ಅರ್ಧ ಮನಸ್ಸಲ್ಲಿ ಹೋಗಬಾರದು."

ಅಕ್ಕ ನನ್ನ ಮುಖ ನೋಡಿದಳು. ಇಷ್ಟು ದಿನ ಪಾತ್ರೆ ಕುಕ್ಕಿದ್ದು ಅವಳಿಗೇನು ಕೇಳಿಸಿರಲಿಲ್ಲವೇ? ನಾನು 'ಇಲ್ಲೇ ಇರಲಿ' ಅಂದಿದ್ದರೆ ಸಾಕಿತ್ತು, ಅವಳೂ ನಿಂತುಬಿಡುತ್ತಿದ್ದಳು. ಸುತ್ತಿಗೆ, ಉಳಿ ನನ್ನ ಕಾಲ ಬಳಿಯೇ ಬಿದ್ದಿದ್ದವು. ಎತ್ತಿಕೊಂಡೆ.

"ನೀನು ಹೋಗೋದು ನನಗೆ ಒಂಚೂರೂ ಇಷ್ಟ ಇಲ್ಲ ಕಣೇ" ಅಂದೆ. "ಆ ಕಡೆ ಗಟ್ಟಿಯಾಗಿ ಹಿಡ್ಕೋ."

ಅವಳು ಹಿಡಿದುಕೊಂಡಳು. ನಾನು ಚೌಕಟ್ಟಿಗೆ ಮೊದಲ ಏಟು ಹಾಕಿದೆ.