ಕಾರ್ಖಾನೆಗೆ ಹೋದ ಕೈಗವಸು

ರೆಡಿಮೇಡ್ ಬಟ್ಟೆಯ ದೊಡ್ಡ ಅಂಗಡಿ ಬಂದ ಮೇಲೆ ನಮ್ಮ ಬೀದಿಯ ಟೈಲರಮ್ಮನ ಬಳಿ ಅಳತೆ ಕೊಡುವವರೇ ಇಲ್ಲವಾದರು. ತೇಪೆ ಹಾಕಿಸಲು, ಗುಂಡಿ ಹೊಲಿಸಲು ಮಾತ್ರ ಜನ ಬರುತ್ತಿದ್ದರು. ನಿಮ್ಮ ಬೀದಿಯಲ್ಲೂ ಹೀಗೇ ಆಗಿರಬಹುದು.

"ಮಿಷನ್ ಮಾರಿಬಿಡೋಣ ಕಣೇ. ಮುಂದಿನ ವಾರ ಒಬ್ಬ ನೋಡೋಕೆ ಬರ್ತಾನಂತೆ," ಎಂದ ಅವಳ ಗಂಡ, ಲಾರಿ ಡ್ರೈವರ್.

ಅವಳು ಮಿಷನ್ನಿಗೆ ಎಣ್ಣೆ ಬಿಟ್ಟಳು.

ಅಂದು ಸಂಜೆ ಗುಂಡಿ ಹೊಲಿಸಲು ಬಂದವಳು ಪಕ್ಕದ ಮನೆಯ ನರ್ಸಕ್ಕ. ಊರಾಚೆಯ ವಿದೇಶಿ ಕಂಪನಿಯ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ.

"ನಮ್ಮಲ್ಲಿ ಕೈಗವಸು ಹಡಗಿನಲ್ಲಿ ಬರುತ್ತೆ. ತಡವಾದ್ರೆ ಜನ ಬರಿಗೈಲಿ ತಗಡು ಎತ್ತಿ, ಕೈ ಕುಯ್ಕೊಂಡು ನನ್ನ ಹತ್ರ ಬರ್ತಾರೆ. ನೀನೇ ಯಾಕೆ ಹೊಲೀಬಾರ್ದು?"

ಗಂಡ ನಕ್ಕ. "ಏನಕ್ಕ, ದೇಶದೇಶದಲ್ಲಿ ಬೇರು ಬಿಟ್ಟಿರೋ ಕಂಪನಿ ನಮ್ಮ ಬಾಗಿಲಿಗೆ ಬರುತ್ತಾ?"

"ಅದು ಬರಲ್ಲಪ್ಪ. ನಾವೇ ಹೋಗ್ಬೇಕು. ಮಾದರಿ ತಂದುಕೊಟ್ರೆ ನೋಡ್ತೀವಿ ಅಂತ ಖರೀದಿ ವಿಭಾಗದವರು ಹೇಳಿದ್ದಾರೆ."

ಟೈಲರಮ್ಮ ತನ್ನ ಅತ್ತಿಗೆಯನ್ನೂ ಚಿಕ್ಕಮ್ಮನನ್ನೂ ಜೊತೆಗೆ ಸೇರಿಸಿಕೊಂಡಳು. ದಪ್ಪ ಬಟ್ಟೆಯ ಮೇಲೆ ಅಂಗೈ ಊರಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಸಿ, ಗಟ್ಟಿಯಾಗಿ ಹೊಲಿದರು. ಟೈಲರಮ್ಮ ಆ ಕೈಗವಸುಗಳನ್ನು ಗಂಟು ಕಟ್ಟಿ ಕಾರ್ಖಾನೆಗೆ ಒಯ್ದಳು. ಅಲ್ಲಿ ಬೇಡವೆಂದರು.

"ನಾನು ಬಡ್ಕೊಂಡೆ, ಕೇಳಿದ್ಯಾ?" ಎಂದ ಗಂಡ.

ನರ್ಸಕ್ಕ ಕೇಳಿದ್ದೇ ಬೇರೆ. "ಯಾಕೆ ಬೇಡ ಅಂದ್ರು?"

"ಕೇಳೋಕೆ ನಾಚಿಕೆಯಾಯ್ತಕ್ಕ. ಗಂಟು ಎತ್ಕೊಂಡು ಬಂದ್ಬಿಟ್ಟೆ."

ಮರುದಿನ ಟೈಲರಮ್ಮ, ನರ್ಸಕ್ಕ ಇಬ್ಬರೂ ಹೋದರು. ಖರೀದಿ ಅಧಿಕಾರಿ ಕುರ್ಚಿ ಎಳೆದುಕೊಟ್ಟು, ನೀರು ತರಿಸಿ, ಕೈಗವಸುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ.

"ಹೊಲಿಗೆ ಚೆನ್ನಾಗಿದೆಯಮ್ಮ. ಆದ್ರೆ ನೋಡಿ, ಇದು ಮಗುವಿನ ಕೈಗೆ, ಇದು ಪೈಲ್ವಾನನ ಕೈಗೆ. ನಮ್ಮ ಕೆಲಸಗಾರರಿಗೆ ಯಾವುದು?"

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಮಗುವಿನದು ಚಿಕ್ಕಮ್ಮನ ಕೈ, ಪೈಲ್ವಾನನದು ಅತ್ತಿಗೆಯದು! ಮೂವರೂ ತಮ್ಮ ತಮ್ಮ ಕೈಯನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರು.

ಅಧಿಕಾರಿ ಕಾರ್ಖಾನೆಗೆ ಬೇಕಾದ ಅಳತೆಗಳನ್ನು ಹೇಳಿಕೊಟ್ಟ. ಮನೆಯಲ್ಲಿ ಸಣ್ಣದು, ನಡುವಿನದು, ದೊಡ್ಡದು ಎಂದು ರಟ್ಟಿನ ಅಚ್ಚು ಕತ್ತರಿಸಿದರು. ಮೊದಲ ದೊಡ್ಡ ಕೈಗವಸು ಮಿಷನ್ನಿನಿಂದ ಇಳಿದಾಗ ಹಾಕಿನೋಡಲು ಗಂಡಸರ ಕೈ ಬೇಕಾಯಿತು. ಬಾಗಿಲಲ್ಲಿ ನಿಂತಿದ್ದ ಗಂಡ ತಾನಾಗಿಯೇ ಕೈ ಚಾಚಿದ.

"ಹೆಬ್ಬೆರಳ ಹತ್ರ ಸ್ವಲ್ಪ ಬಿಗಿ ಕಣೇ," ಎಂದ.

"ಅಬ್ಬಾ, ಮಿಷನ್ ಮಾರೋ ಸಾಹೇಬ್ರೂ ಕೆಲಸಕ್ಕೆ ಕೈ ಹಾಕಿದ್ರಲ್ಲ!" ಎಂದಳು ಅತ್ತಿಗೆ.

ಈ ಸಲ ಮಾದರಿ ಒಪ್ಪಿಗೆಯಾಯಿತು. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ನರ್ಸಕ್ಕ ಅದನ್ನು ಗಟ್ಟಿಯಾಗಿ ಓದಿದಳು. ಬೇರೆ ಯಾರಿಗೂ ಹೊಲಿಯಬಾರದೆಂದು ಒಂದು ಸಾಲಿತ್ತು.

ಟೈಲರಮ್ಮ ಮೆಲ್ಲಗೆ ಹೇಳಿದಳು: "ಆ ಸಾಲು ಬೇಡ ಸಾರ್. ನಾಳೆ ನೀವು ತಗೊಳ್ಳೋದು ನಿಲ್ಲಿಸಿದ್ರೆ ನಾವು ಮೂರು ಮನೆಯವರು ಎಲ್ಲಿಗೆ ಹೋಗೋಣ?"

ಅಧಿಕಾರಿ ಮೇಲಿನವರಿಗೆ ಫೋನ್ ಮಾಡಿ, ಆ ಸಾಲು ಹೊಡೆದುಹಾಕಿದ.

ಮಿಷನ್ ನೋಡಲು ಆಸಾಮಿ ಬಂದಾಗ ಗಂಡನೇ ಎದ್ದು ಬಾಗಿಲಿಗೆ ಹೋದ. "ಮಾರೋಕಿಲ್ಲ ಅಣ್ಣ. ನಿಮ್ಮ ಕಡೆ ಒಂದಿದ್ರೆ ಹೇಳಿ, ನಾವೇ ತಗೋತೀವಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಿಗೂ ದೊಡ್ಡ ಕಂಪನಿ ಬಂದಿದ್ದರೆ ಹೆದರಿ ಬಾಗಿಲು ಹಾಕಿಕೊಳ್ಳಬೇಡಿ. ಅವರಿಗೆ ಏನು ಬೇಕೆಂದು ಹೋಗಿ ವಿಚಾರಿಸಿ. ಬೇಡವೆಂದರೆ ಕಾರಣ ಕೇಳಿ, ಕೇಳುವುದರಲ್ಲಿ ನಾಚಿಕೆಯಿಲ್ಲ. ಪೂರ್ತಿ ಓದಿಸಿಕೊಳ್ಳದೆ ಸಹಿ ಹಾಕಬೇಡಿ, ಇತರ ಗಿರಾಕಿಗಳನ್ನೂ ಕೈಬಿಡಬೇಡಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನು ಕರೆಯಿರಿ. ಖಂಡಿತ ಬರುತ್ತಾರೆ.